ಒಂದೇ ಬಕೆಟ್ಟಿಗೆ ಹಾಕಿದ ಪ್ಲಗ್‌ಗಳು

ಉತ್ತರ ಇಂಗ್ಲೆಂಡಿನ ಒಂದು ಪಾರಂಪರಿಕ ರೈಲುಮಾರ್ಗದ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿ ಸೇರಿದ ಮೊದಲ ಚಳಿಗಾಲದಲ್ಲಿ ನಾನು ಮಾಡಿದ ತಪ್ಪೊಂದನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಆಗ ಶೆಡ್ಡಿನಲ್ಲಿ ನಿಂತಿದ್ದುದು ‘ಬ್ಲ್ಯಾಕ್ ಫೈವ್’ ಎಂದು ಎಲ್ಲರೂ ಕರೆಯುವ ಜಾತಿಯ ಉಗಿ ಎಂಜಿನ್. ಬಾಯ್ಲರ್ ತೊಳೆಯುವುದಕ್ಕಾಗಿ ಅದರ ವಾಷ್‌ಔಟ್ ಪ್ಲಗ್‌ಗಳನ್ನು, ಅಂದರೆ ತೊಳೆಯುವ ತೂತುಗಳನ್ನು ಮುಚ್ಚಿರುವ ತಿರುಪಿನ ಬಿರಡೆಗಳನ್ನು, ಬಿಚ್ಚುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಬಿಚ್ಚಿದೆ, ಅಂಟಿದ್ದ ಸುಣ್ಣದ ಪದರವನ್ನು ಕೆರೆದೆ, ಎಲ್ಲವನ್ನೂ ಥಳಥಳ ಹೊಳೆಯುವಂತೆ ಉಜ್ಜಿ ಒಂದೇ ಬಕೆಟ್ಟಿಗೆ ತುಂಬಿಟ್ಟೆ. ಸಂಜೆ ಮೇಸ್ತ್ರಿ ಬಂದು ಬಕೆಟ್ಟನ್ನೊಮ್ಮೆ ನನ್ನನ್ನೊಮ್ಮೆ ನೋಡಿ, ಯಾವ ಪ್ಲಗ್ ಯಾವ ತೂತಿನದು ಎಂದಷ್ಟೇ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ನಾನು ಕೆಲಸ ಕಲಿತದ್ದು ಹುಬ್ಬಳ್ಳಿಯಲ್ಲಿ, ಡೀಸೆಲ್ ಎಂಜಿನ್‌ಗಳ ಮೇಲೆ. ಒಂದು ಬೋಲ್ಟ್ ಕೆಟ್ಟರೆ ಅದೇ ಅಳತೆಯ ಇನ್ನೊಂದನ್ನು ಸ್ಟೋರಿನಿಂದ ತಂದು ಹಾಕುವುದೇ ಅಲ್ಲಿನ ರೂಢಿಯಾಗಿದ್ದರಿಂದ, ನೋಡಲು ಒಂದೇ ಥರ ಇರುವ ಪ್ಲಗ್‌ಗಳು ಒಂದೇ ಅಳತೆಯವು ಎಂದು ಯೋಚನೆಯನ್ನೇ ಮಾಡದೆ ನಂಬಿದ್ದೆ.

ಬಾಯ್ಲರಿನೊಳಗೆ ನೀರು ಕುದಿದು ಆವಿಯಾಗುತ್ತ ಹೋದಂತೆ ಅದರಲ್ಲಿದ್ದ ಸುಣ್ಣ ಮತ್ತು ಕೆಸರು ಬೆಂಕಿ ಉರಿಯುವ ಗೂಡಾದ ಫೈರ್‌ಬಾಕ್ಸಿನ ಸುತ್ತಲ ನೀರಿನ ಸಂದಿಯಲ್ಲಿ, ಅದರಲ್ಲೂ ಕೆಳಮೂಲೆಗಳಲ್ಲಿ, ಇಳಿದು ಗಟ್ಟಿಯಾಗುತ್ತವೆ. ಅದನ್ನು ನೀರಿನ ರಭಸದಿಂದ ಹೊರತಳ್ಳಲೆಂದು ಅಲ್ಲಲ್ಲಿ ತೂತುಗಳನ್ನು ಬಿಟ್ಟು, ಟೇಪರ್ ಥ್ರೆಡ್ (ತುದಿಯ ಕಡೆಗೆ ಕಿರಿದಾಗುವ ತಿರುಪು) ಇರುವ ಪ್ಲಗ್‌ಗಳಿಂದ ಮುಚ್ಚಿರುತ್ತಾರೆ. ಪ್ರತಿ ಸಲ ಬಿಚ್ಚಿ ಬಿಗಿದಾಗಲೂ ಥ್ರೆಡ್ ಒಂದಿಷ್ಟು ಸವೆಯುತ್ತದೆ; ಸವೆತ ಹೆಚ್ಚಾದಾಗ ತೂತಿಗೆ ಟ್ಯಾಪ್ ಎಂಬ ಕೊಯ್ಯುವ ಉಪಕರಣ ಹಾಕಿ ಹೊಸ ಥ್ರೆಡ್ ಕೊಯ್ಯುತ್ತಾರೆ, ತೂತು ಕೂದಲೆಳೆಯಷ್ಟು ದೊಡ್ಡದಾಗುತ್ತದೆ, ಅದಕ್ಕೆ ಸರಿಯಾಗಿ ಕೂರುವ ಪ್ಲಗ್ಗನ್ನು ಲೇತ್ ಮೇಲೆ ತಿರುಗಿಸಿ ಮಾಡುತ್ತಾರೆ. ಹೀಗೆ ಹಲವು ದಶಕ ಕಳೆದ ಬಾಯ್ಲರಿನಲ್ಲಿ ಒಂದು ತೂತಿನ ಪ್ಲಗ್ ಪಕ್ಕದ ತೂತಿಗೆ ಕೂರುವುದಿಲ್ಲ. ಕೂತಂತೆ ಕಂಡರೂ ಎರಡು ಮೂರು ಸುತ್ತಿನ ಥ್ರೆಡ್ ಮಾತ್ರ ಹಿಡಿದಿರುತ್ತದೆ. ನಮ್ಮ ಅಡುಗೆಮನೆಯ ಕುಕ್ಕರ್ ಚದರ ಇಂಚಿಗೆ ಸುಮಾರು 15 ಪೌಂಡ್ ಒತ್ತಡದಲ್ಲಿ ಕೂಗುತ್ತದೆ. ಬ್ಲ್ಯಾಕ್ ಫೈವ್‌ನ ಬಾಯ್ಲರ್ ಕೆಲಸ ಮಾಡುವುದು 225 ಪೌಂಡಿನಲ್ಲಿ. ಆ ಒತ್ತಡದಲ್ಲಿ ಒಂದು ಪ್ಲಗ್ ಹಾರಿದರೆ ಎದುರಿಗಿದ್ದವರು ಉಳಿಯುವುದು ಕಷ್ಟ.

ಬಿಡಿಭಾಗ ಅದಲುಬದಲಾಗಬಹುದೆಂಬ ನನ್ನ ಎಣಿಕೆ ಈ ಎಂಜಿನ್ನಿನ ದುಡಿಮೆಯ ಕಾಲಕ್ಕೆ ಪೂರ್ತಿ ಸಲ್ಲದ್ದೇನೂ ಅಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು. ವಿಲಿಯಂ ಸ್ಟೇನಿಯರ್ ವಿನ್ಯಾಸ ಮಾಡಿದ ಈ ಜಾತಿಯ 842 ಎಂಜಿನ್‌ಗಳು 1934ರಿಂದ 1951ರವರೆಗೆ ತಯಾರಾದವು. ಪ್ರಯಾಣಿಕರ ಗಾಡಿಯೋ ಸರಕಿನ ಗಾಡಿಯೋ ಎಂದು ನೋಡದೆ ಯಾವುದಕ್ಕೆ ಕಟ್ಟಿದರೂ ಎಳೆಯುವ ಯಂತ್ರವೆಂದು ಹೆಸರಾದವು. ಚಾಸಿಸ್‌ಗಿಂತ ಬಾಯ್ಲರ್ ರಿಪೇರಿಗೆ ಹೆಚ್ಚು ದಿನ ಹಿಡಿಯುತ್ತಿದ್ದುದರಿಂದ ಕಾರ್ಖಾನೆಗಳು ಹೆಚ್ಚುವರಿ ಬಾಯ್ಲರ್‌ಗಳನ್ನು ಇಟ್ಟುಕೊಂಡು, ಒಳಗೆ ಬಂದ ಎಂಜಿನ್ನಿಗೆ ಸಿದ್ಧವಾಗಿದ್ದ ಬೇರೊಂದನ್ನು ಕೂರಿಸಿ ಕಳುಹಿಸುತ್ತಿದ್ದವು. ನಮ್ಮ ಎಂಜಿನ್ನಿನ ಕನೆಕ್ಟಿಂಗ್ ರಾಡ್ ಮೇಲೆ ಕೂಡ ಬೇರೆ ಎಂಜಿನ್ನಿನ ಸಂಖ್ಯೆಯ ಗುದ್ದು ಇದೆ. ಗ್ರೀಸ್ ಒರೆಸಿ ಟಾರ್ಚ್ ಓರೆಯಾಗಿ ಹಿಡಿದರೆ ಮಾತ್ರ ಕಾಣುತ್ತದೆ. 1968ರ ಆಗಸ್ಟಿನಲ್ಲಿ ಬ್ರಿಟಿಷ್ ರೈಲ್ವೆಯ ಮುಖ್ಯ ಮಾರ್ಗಗಳಲ್ಲಿ ಉಗಿಯ ಕಾಲ ಮುಗಿದಾಗ ಆ ಇಡೀ ವ್ಯವಸ್ಥೆಯೇ ಅಳಿಯಿತು. ಉಳಿದದ್ದು ಹದಿನೆಂಟು ಎಂಜಿನ್. ಅವುಗಳಲ್ಲಿ ಕೆಲವು, ನಮ್ಮದೂ ಸೇರಿ, ದಕ್ಷಿಣ ವೇಲ್ಸ್‌ನ ಬ್ಯಾರಿಯ ಗುಜರಿಯಂಗಳದಲ್ಲಿ ಉಪ್ಪುಗಾಳಿಗೆ ತುಕ್ಕು ಹಿಡಿದು ನಿಂತಿದ್ದವು. ಅಲ್ಲಿನ ಗುಜರಿಯವರು ಹಳೆಯ ವ್ಯಾಗನ್‌ಗಳನ್ನು ಕತ್ತರಿಸುವುದರಲ್ಲೇ ಮುಳುಗಿದ್ದರಿಂದ ಎಂಜಿನ್‌ಗಳ ಸರದಿ ಬರುವುದು ತಡವಾಯಿತು. ಆ ತಡದಿಂದಾಗಿ ಒಟ್ಟು 213 ಎಂಜಿನ್‌ಗಳು ಅಲ್ಲಿಂದ ಜೀವಸಹಿತ ಹೊರಬಂದವು. ಬದಲಿ ಕೊಡುವ ಸ್ಟೋರ್ ಇಲ್ಲವಾದ ಮೇಲೆ, ಕೈಯಲ್ಲಿರುವ ಪ್ರತಿ ತುಣುಕಿಗೂ ಅದರದೇ ಜಾಗ ಗೊತ್ತಿರಲೇಬೇಕು.

ನನ್ನ ಬಕೆಟ್ಟನ್ನು ಬಿಡಿಸಲು ಎರಡು ದಿನ ಹಿಡಿಯಿತು. ಒಂದೊಂದೇ ಪ್ಲಗ್ಗನ್ನು ಕೈಯಿಂದ ತಿರುಗಿಸಿ, ಎಷ್ಟು ಸುತ್ತಿಗೆ ಬಿಗಿಯಾಗುತ್ತದೆ ಎಂದು ಎಣಿಸಿ, ಹೊರಗುಳಿದ ಥ್ರೆಡ್ಡನ್ನು ಅಳೆದು ಪುಸ್ತಕದಲ್ಲಿ ಬರೆದೆ. ಕೈಗೆ ಸಡಿಲವಾಗಿ ಹತ್ತಿದ್ದನ್ನು ಸ್ಪ್ಯಾನರ್ ಹಾಕಿ ಕೂರಿಸುವ ಆಸೆ ಬಲವಾಗಿಯೇ ಇತ್ತು. ಮೇಸ್ತ್ರಿ ಸ್ಪ್ಯಾನರನ್ನು ಮೊದಲೇ ತೆಗೆದುಕೊಂಡು ಹೋಗಿದ್ದರು. ಕೊನೆಗೆ ಮೂರು ಪ್ಲಗ್‌ಗಳ ಬಗ್ಗೆ ಅನುಮಾನ ಉಳಿಯಿತು. ತಣ್ಣೀರು ತುಂಬಿ ಒತ್ತಡ ಏರಿಸಿ ಪರೀಕ್ಷಿಸಿದಾಗ ಅವುಗಳಲ್ಲೊಂದು, ಫೈರ್‌ಬಾಕ್ಸಿನ ಎಡ ಕೆಳಮೂಲೆಯದು, ಬೆವರತೊಡಗಿತು. ನೀರು ಇಳಿಸಿ ತೂತನ್ನು ಮತ್ತೆ ಕೊಯ್ದು ಹೊಸ ಪ್ಲಗ್ ಮಾಡಬೇಕಾಯಿತು. ಅದನ್ನು ಲೇತಿನ ಮೇಲೆ ತಿರುಗಿಸಿದವನು ನಾನೇ.

ಈಗ ನಮ್ಮಲ್ಲಿ ಫೈರ್‌ಬಾಕ್ಸಿನ ಚಿತ್ರ ಬರೆದು ತೂತು ಕೊರೆದ ಪ್ಲೈವುಡ್ ಹಲಗೆಯೊಂದಿದೆ. ಬಿಚ್ಚಿದ ಪ್ಲಗ್ ನೇರವಾಗಿ ಅದರ ಮೇಲಿನ ತನ್ನ ಸಂಖ್ಯೆಗೆ ಹೋಗಿ ಕೂರುತ್ತದೆ. ಹಳೆಯ ಬಕೆಟ್ ಬಾಯ್ಲರಿನ ಕೆಸರು ಹೊರಲು ಬಳಕೆಯಲ್ಲಿದೆ. ಅದರ ಮೇಲೆ ಯಾರೋ ಬಿಳಿ ಬಣ್ಣದಲ್ಲಿ ನನ್ನ ಹೆಸರು ಬರೆದಿದ್ದಾರೆ, ಕಾಗುಣಿತ ಮಾತ್ರ ತಪ್ಪಾಗಿದೆ.