ಪಬ್ಲಿಕ್ ಪಾಲಿಸಿ ಓದಿದ್ರೆ ಏನ್ ಕೆಲಸ ಸಿಗುತ್ತೆ?

ಚಿಕ್ಕಮ್ಮನ ಮಗಳು ಪಬ್ಲಿಕ್ ಪಾಲಿಸಿಯಲ್ಲಿ, ಅಂದರೆ ಸರ್ಕಾರದ ನೀತಿಗಳ ಅಧ್ಯಯನದಲ್ಲಿ, ಸ್ನಾತಕೋತ್ತರ ಪದವಿ ಮಾಡ್ತೀನಿ ಅಂತಿದ್ದಾಳೆ. ಮನೆಯಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ: "ಅದು ಓದಿದ್ರೆ ಐಎಎಸ್ ಆಗ್ಬಹುದಾ?" ಐಎಎಸ್‌ಗೆ ಅದು ಬೇಕಾಗೇ ಇಲ್ಲ. ಯಾವುದಾದರೂ ಪದವಿ ಇದ್ದರೆ ಪರೀಕ್ಷೆ ಬರೆಯಬಹುದು. ಐಚ್ಛಿಕ ವಿಷಯಗಳಲ್ಲಿ ಸಾರ್ವಜನಿಕ ಆಡಳಿತ ಇದೆ, ಪಬ್ಲಿಕ್ ಪಾಲಿಸಿ ಇಲ್ಲ.

ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ 2014ರಲ್ಲೇ ಎರಡು ವರ್ಷದ ಈ ಕೋರ್ಸ್ ಶುರು ಮಾಡಿತು. ಇದನ್ನು ಓದಿದವರು ಸಂಶೋಧನಾ ಸಂಸ್ಥೆ, ಎನ್‌ಜಿಒ, ಕನ್ಸಲ್ಟಿಂಗ್, ಇಲ್ಲಾ ದೊಡ್ಡ ಕಂಪನಿಗಳ ಪಾಲಿಸಿ ಟೀಮ್ ಸೇರುತ್ತಾರೆ. ಸರ್ಕಾರದಲ್ಲಿ ಸಿಕ್ಕರೂ ಸಾಮಾನ್ಯವಾಗಿ ಗುತ್ತಿಗೆ ಕೆಲಸ. ಸಾಲ ಮಾಡಿ ಓದೋರು ಸಂಬಳದ ಲೆಕ್ಕ ಮೊದಲೇ ಹಾಕ್ಬೇಕು, ಅಲ್ವಾ?

ನನ್ನ ಪ್ರಕಾರ ಅಸಲಿ ಲಾಭ ಬಜೆಟ್ ಪುಸ್ತಕ ಓದೋಕೆ ಬರೋದು. ಅದರಲ್ಲಿ ಒಂದೊಂದು ಬಗೆಯ ಖರ್ಚಿಗೂ ಒಂದು ಸಂಖ್ಯೆ: 2202 ಅಂದರೆ ಸಾಮಾನ್ಯ ಶಿಕ್ಷಣ, 2210 ಅಂದರೆ ಆರೋಗ್ಯ. ಪಕ್ಕದಲ್ಲೇ ಅಂದಾಜು, ಪರಿಷ್ಕೃತ ಅಂದಾಜು, ನಿಜಕ್ಕೂ ಖರ್ಚಾದ ಲೆಕ್ಕ. ಘೋಷಣೆ ಎಷ್ಟು, ಕೊಟ್ಟಿದ್ದು ಎಷ್ಟು ಅನ್ನೋದು ಅಲ್ಲೇ ಸಿಕ್ಕಿಬೀಳುತ್ತೆ. (ಟಿವಿ ಚರ್ಚೆಯವರು ಈ ಪುಟ ತೆಗೆಯೋದೇ ಇಲ್ಲ.)

ಒಂದೆರಡು ವರ್ಷ ದುಡಿದು ಬಂದವರಿಗೆ ಈ ಓದು ಜಾಸ್ತಿ ದಕ್ಕುತ್ತೆ. ಅದಕ್ಕೇ ಅವಳಿಗೆ ಮೊದಲು ಸಂಸತ್ತಿನ ಕೆಲಸದ ಬಗ್ಗೆ ಸಂಶೋಧನೆ ಮಾಡೋ ಪಿಆರ್‌ಎಸ್ ಸಂಸ್ಥೆಯವರ ಲ್ಯಾಂಪ್ ಫೆಲೋಶಿಪ್‌ಗೆ ಅರ್ಜಿ ಹಾಕು ಅಂದಿದ್ದೀನಿ. ದೆಹಲಿಯಲ್ಲಿ ಒಬ್ಬ ಸಂಸದರ ಜೊತೆ ಕೆಲಸ. ಚಿಕ್ಕಮ್ಮ ಇನ್ನೂ ಒಪ್ಪಿಲ್ಲ.