ಬಾಚಣಿಗೆಯ ಕೂದಲು, ಸೆಲೆನಿಯಂ ಬಾಟಲಿ ಮತ್ತು ಫೆರಿಟಿನ್

ಕಳೆದ ಮಳೆಗಾಲದಲ್ಲಿ ಬಾಚಣಿಗೆಯ ತುಂಬ ಕೂದಲು ಬರತೊಡಗಿದಾಗ ನಾನು ಮೊದಲು ಮಾಡಿದ ಕೆಲಸವೆಂದರೆ ಸೆಲೆನಿಯಂ ಮಾತ್ರೆಯ ಬಾಟಲಿಯೊಂದನ್ನು ತರಿಸಿಕೊಂಡದ್ದು. ನನಗಿರುವುದು ಹಶಿಮೊಟೊ ಥೈರಾಯ್ಡೈಟಿಸ್. ದೇಹದ ರೋಗನಿರೋಧಕ ವ್ಯವಸ್ಥೆಯೇ ಥೈರಾಯ್ಡ್ ಗ್ರಂಥಿಯ ಮೇಲೆ ಎರಗುವ ಈ ಕಾಯಿಲೆಯನ್ನು ಜಪಾನಿನ ವೈದ್ಯ ಹಕಾರು ಹಶಿಮೊಟೊ 1912ರಲ್ಲಿ ಮೊದಲು ವಿವರಿಸಿದರು.

ಈ ಕಾಯಿಲೆಗೆ ಸೆಲೆನಿಯಂ ಒಳ್ಳೆಯದೆಂಬ ನಂಬಿಕೆ ಬುಡವಿಲ್ಲದ್ದಲ್ಲ. ತೂಕಕ್ಕೆ ತೂಕ ಹೋಲಿಸಿದರೆ ಈ ಖನಿಜ ಅತಿ ಹೆಚ್ಚಾಗಿರುವುದು ಥೈರಾಯ್ಡಿನಲ್ಲೇ. ಹಾರ್ಮೋನು ತಯಾರಿಗೆ ಬಳಕೆಯಾಗುವ ಹೈಡ್ರೋಜನ್ ಪೆರಾಕ್ಸೈಡಿನ ಹಾನಿಯಿಂದ ಗ್ರಂಥಿಯನ್ನು ಕಾಯುವ ಕಿಣ್ವಕ್ಕೂ, ಥೈರಾಯ್ಡ್ ಹಾರ್ಮೋನು ಟಿ4 ಅನ್ನು ಅದರ ಸಕ್ರಿಯ ರೂಪವಾದ ಟಿ3 ಆಗಿ ಬದಲಿಸುವ ಕಿಣ್ವಕ್ಕೂ ಅದು ಬೇಕು. ಜರ್ಮನಿಯಲ್ಲಿ ನಡೆದು 2002ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ದಿನಕ್ಕೆ 200 ಮೈಕ್ರೋಗ್ರಾಂನಂತೆ ಮೂರು ತಿಂಗಳು ಕೊಟ್ಟಾಗ ಥೈರಾಯ್ಡ್ ಪೆರಾಕ್ಸಿಡೇಸ್ (ಟಿಪಿಒ) ಎಂಬ ಗ್ರಂಥಿಯ ಕಿಣ್ವದ ಮೇಲೆ ಎರಗುವ ಪ್ರತಿಕಾಯಗಳು ಇಳಿದವು. ಆದರೆ ವರದಿಯಲ್ಲಿ ಪ್ರತಿಕಾಯ ಇಳಿಯುವುದು ಬೇರೆ, ರೋಗಿಯ ಆಯಾಸ ಇಳಿಯುವುದು ಬೇರೆ; ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2013ರ ಪರಿಶೀಲನೆಯೂ ಸೆಲೆನಿಯಂ ಪರವಾಗಿಯಾಗಲಿ ವಿರುದ್ಧವಾಗಿಯಾಗಲಿ ತೀರ್ಮಾನಿಸುವಷ್ಟು ಪುರಾವೆಯಿಲ್ಲವೆಂದೇ ಹೇಳಿತು. ಉರಿಯೂತವಿದ್ದಾಗ ರಕ್ತದ ಸೆಲೆನಿಯಂ ಮಟ್ಟ ತಾನಾಗಿಯೇ ತಗ್ಗುವುದರಿಂದ, ಕೊರತೆಯು ಕಾಯಿಲೆಯ ಕಾರಣವೋ ಪರಿಣಾಮವೋ ಎಂದು ಒಂದು ಅಂಕಿಯನ್ನು ನೋಡಿ ಹೇಳಲಾಗದು.

ನಮ್ಮ ವೈದ್ಯರು ಬಾಟಲಿಯನ್ನು ತಿರುಗಿಸಿ ನೋಡಿ, "ಅತಿಯಾದರೆ ಇದರಿಂದಲೂ ಕೂದಲು ಉದುರುತ್ತದಮ್ಮ, ಉಗುರೂ ಹೋಗುತ್ತದೆ" ಎಂದರು. ಪಂಜಾಬಿನ ಹೋಶಿಯಾರ್‌ಪುರ, ನವಾನ್‌ಶಹರ್ ಕಡೆ ಮಣ್ಣಿನಲ್ಲೇ ಸೆಲೆನಿಯಂ ಅತಿಯಾಗಿದ್ದು, ಅಲ್ಲಿನ ಜನರಲ್ಲೂ ದನಕರುಗಳಲ್ಲೂ ಅದೇ ಲಕ್ಷಣಗಳು ಕಂಡಿವೆಯೆಂದು ಆಮೇಲೆ ಓದಿದೆ. ವೈದ್ಯರು ಬರೆದುಕೊಟ್ಟದ್ದು ದೇಹದಲ್ಲಿರುವ ಕಬ್ಬಿಣದ ದಾಸ್ತಾನನ್ನು ತೋರಿಸುವ ಫೆರಿಟಿನ್ ಪರೀಕ್ಷೆಯನ್ನು. ಬಂದ ಅಂಕಿ 9, ತೀರಾ ಕಡಿಮೆ.

ಕಬ್ಬಿಣದ ಬಗ್ಗೆ ಇಷ್ಟು ಕಡಿಮೆ ಮಾತು ಏಕೆಂಬುದು ನನಗೆ ಅರ್ಥವಾಗದು. ನಮ್ಮ ಪ್ರತಿಕಾಯಗಳು ಗುರಿಯಿಡುವ ಥೈರಾಯ್ಡ್ ಪೆರಾಕ್ಸಿಡೇಸ್ ಕೆಲಸ ಮಾಡುವುದೇ ಕಬ್ಬಿಣವಿರುವ ಹೀಮ್‌ನ ಬಲದಿಂದ. ಹಶಿಮೊಟೊ ಇರುವವರಲ್ಲಿ ಗೋಧಿಯ ಗ್ಲುಟೆನ್‌ನಿಂದ ಕರುಳು ಹಾಳಾಗುವ ಸೀಲಿಯಾಕ್ ಕಾಯಿಲೆ ಅಥವಾ ಜಠರದ ಒಳಪದರವನ್ನು ಸವೆಸುವ ಆಟೋಇಮ್ಯೂನ್ ಗ್ಯಾಸ್ಟ್ರೈಟಿಸ್ ಜೊತೆಗೂಡುವುದು ಹೆಚ್ಚು. ಅವೆರಡೂ ಕಬ್ಬಿಣ ಹೀರಿಕೆಗೆ ಅಡ್ಡಿ. ಇನ್ನು ಅಯೋಡಿನ್ ಅತಿಯಾದರೆ ಕಾಯಿಲೆ ಕೆರಳಬಹುದಾದ್ದರಿಂದ, ಅಯೋಡಿನ್ ಸೇರಿಸಿದ ಉಪ್ಪು ತಿನ್ನುವ ನಾವು ಕಡಲಪಾಚಿಯ ಮಾತ್ರೆಗೆ ಕೈಹಾಕದಿರುವುದೇ ಲೇಸು.

ಕಬ್ಬಿಣದ ಮಾತ್ರೆ ಮತ್ತು ಥೈರಾಯ್ಡ್ ಹಾರ್ಮೋನಿನ ಕೊರತೆ ತುಂಬುವ ಥೈರಾಕ್ಸಿನ್ ಮಾತ್ರೆಯ ನಡುವೆ ನಾಲ್ಕು ಗಂಟೆಯ ಅಂತರವಿರಬೇಕು, ಕಾಫಿ ಎರಡಕ್ಕೂ ಅಡ್ಡಿ. ಹಾಗಾಗಿ ಬೆಳಗಿನ ಆರಕ್ಕೆ ಥೈರಾಕ್ಸಿನ್, ಏಳಕ್ಕೆ ಕಾಫಿ, ಹನ್ನೊಂದೂವರೆಗೆ ನಿಂಬೆ ಪಾನಕದೊಂದಿಗೆ ಕಬ್ಬಿಣ ಎಂದು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದೇನೆ. ಮೂರು ತಿಂಗಳ ಮೇಲೆ ಫೆರಿಟಿನ್ 31 ಆಗಿದೆ. ಬಾಚಣಿಗೆಯಲ್ಲಿ ಕೂದಲು ಈಗಲೂ ಬರುತ್ತದೆ, ಮೊದಲಿನಷ್ಟಲ್ಲ.