ರಸ್ತೆಯೇ ಇಲ್ಲದ 380 ಕಿಲೋಮೀಟರ್

ರಾತ್ರಿ ಸುಮ್ನೆ ಮ್ಯಾಪ್ ನೋಡುತ್ತಾ ಕೆನಡಾದ ಉತ್ತರದ ತುತ್ತತುದಿಗೆ ಹೋದೆ. ನೂನಾವುಟ್ ಪ್ರದೇಶದಲ್ಲಿ ರೆಸಲ್ಯೂಟ್, ಗ್ರೀಸ್ ಫಿಯರ್ಡ್ ಅಂತ ಎರಡು ಪುಟ್ಟ ಇನ್ಯೂಟ್ (ಅಲ್ಲಿನ ಮೂಲನಿವಾಸಿಗಳ) ಊರುಗಳಿವೆ. ಆಕಾಶದಲ್ಲಿ ನೇರ ಹಾರಿದರೆ ನಡುವೆ ಸುಮಾರು 380 ಕಿ.ಮೀ. ರಸ್ತೆ ಅಂತೂ ಇಲ್ಲವೇ ಇಲ್ಲ. ಸಾಮಾನಿನ ಹಡಗು ಬರುವುದು ವರ್ಷಕ್ಕೊಮ್ಮೆ, ಬೇಸಿಗೆಯಲ್ಲಿ ಮಂಜುಗಡ್ಡೆ ಕರಗಿದಾಗ. ಉಳಿದಂತೆ ಟ್ವಿನ್ ಆಟರ್ ಎಂಬ ಚಿಕ್ಕ ವಿಮಾನವೇ ಗತಿ. ಗ್ರೀಸ್ ಫಿಯರ್ಡಿನ ರನ್‌ವೇ ಬರೀ ಜಲ್ಲಿಯದು, ಉದ್ದ ಅರ್ಧ ಕಿಲೋಮೀಟರಿನಷ್ಟು. ಪಕ್ಕದಲ್ಲೇ ಬೆಟ್ಟ. ಗಾಳಿ ಎದ್ದರೆ ವಿಮಾನ ಬರುವುದಿಲ್ಲ. ಆ ದಿನ ಯಾರಿಗಾದರೂ ಹೆರಿಗೆ ನೋವು ಬಂದರೆ?

ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ದೂರ. ಇಲ್ಲಿನ ಮೊದಲ ಕುಟುಂಬಗಳನ್ನು 1953ರಲ್ಲಿ ಸರ್ಕಾರವೇ ತಂದು ಬಿಟ್ಟಿತ್ತು. ಹೆಚ್ಚಿನವರು ಸುಮಾರು 2000 ಕಿ.ಮೀ. ದಕ್ಷಿಣದ ಇನುಕ್ಜುವಾಕ್ ಎಂಬ ಊರಿನವರು. ತಿಂಗಳುಗಟ್ಟಲೆ ಸೂರ್ಯನೇ ಕಾಣದ ಚಳಿಗಾಲ ಅವರಿಗೆ ಹೊಸದು. ಬೇಡವೆನಿಸಿದರೆ ಎರಡು ವರ್ಷದಲ್ಲಿ ವಾಪಸ್ ಹೋಗಬಹುದು ಅಂದಿದ್ದರು. ಆ ಮಾತು ಉಳಿಸಿಕೊಳ್ಳಲಿಲ್ಲ. ಸರ್ಕಾರ ಕ್ಷಮೆ ಕೇಳಿದ್ದು 2010ರಲ್ಲಿ. ಅಷ್ಟರಲ್ಲಿ ಎಷ್ಟೋ ಹಿರಿಯರು ತೀರಿಹೋಗಿದ್ದರು. ಇದು ತುಂಬಾ ತಡವಾಯಿತು ಅಲ್ವಾ?